ಸೆಟ್ ಆಯ್ತಾ?

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಪುಟ್ಟ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ಅವನ್ನು ವಿವರಿಸಲು ಸುಮಾರು 60,000 ಪದ ಖರ್ಚಾಗಿತ್ತು. ಒಂದು ಕಾದಂಬರಿಯೇ ಆಯಿತು. ಆಮೇಲೆ ‘ರನ್’ 645 ಅರ್ಥ ಹೊತ್ತು ಅದನ್ನು ಹಿಂದಿಕ್ಕಿತು. ಓಡುವುದು ಅದರ ಕಸುಬೇ ತಾನೆ! ಆದರೆ ಆ ಫಲಿತಾಂಶ ನಮಗೆ ಅನ್ವಯಿಸದು. ಕನ್ನಡದಲ್ಲಿ ರನ್ ಇನ್ನೂ ಕ್ರಿಕೆಟ್ ಮೈದಾನದ ಬೌಂಡರಿ ದಾಟಿಲ್ಲ. ಸೆಟ್ ಆಗಲೇ ಅಡುಗೆಮನೆ, ಹೊಲ, ಮದುವೆಮನೆ ಎಲ್ಲ ಸುತ್ತಿ ಬಂದಿದೆ.

ಮೊದಲು ಸೆಟ್ ದೋಸೆ. ಅಕ್ಕಿ, ಉದ್ದಿನ ಜೊತೆ ಅವಲಕ್ಕಿ, ಚೂರು ಮೆಂತ್ಯ ಬಿದ್ದ ಹಿಟ್ಟು. ಕಾವಲಿಗೆ ಹೊಯ್ದು, ಸೌಟಿನಿಂದ ಹೆಚ್ಚು ಸವರದೆ, ಮುಚ್ಚಳ ಮುಚ್ಚಿಟ್ಟರೆ ಮೈತುಂಬ ಕಣ್ಣು ಬಿಟ್ಟುಕೊಂಡು ಉಬ್ಬುತ್ತದೆ. ಇಲ್ಲಿ ಸೆಟ್ ಅನ್ನುವುದು ದೋಸೆಯ ಗುಣವಲ್ಲ, ಲೆಕ್ಕ. ಬೆಂಗಳೂರಿನ ದರ್ಶಿನಿಗಳಲ್ಲಿ ಸಾಮಾನ್ಯವಾಗಿ ಮೂರು. ಕೆಲವೆಡೆ ಎರಡಕ್ಕೇ ಸೆಟ್ ಮುಗಿದುಹೋಗುತ್ತದೆ, ಬಿಲ್ಲು ಮಾತ್ರ ಮೂರರದೇ ಇರುತ್ತದೆ. ಹಸಿವು ಕಡಿಮೆ ಇರುವ ಗಿರಾಕಿ ‘ಸಿಂಗಲ್ ಸೆಟ್ ದೋಸೆ’ ಕೇಳಿದರೆ ಕ್ಯಾಷಿಯರ್ ಮುಖ ಕೂಡ ಎತ್ತದೆ ಟೋಕನ್ ಹರಿದುಕೊಡುತ್ತಾನೆ. ಒಂದೇ ಇದ್ದರೆ ಅದೆಂಥ ಸೆಟ್ಟು ಎಂದು ವಾದಕ್ಕಿಳಿಯುವವರು ಪಿಯುಸಿ ಗಣಿತ ಪುಸ್ತಕ ತೆರೆಯಬೇಕು. ಅಲ್ಲಿ ಸೆಟ್ಟಿಗೆ ಗಣ ಎಂದು ಹೆಸರು. ಒಂದೇ ಅಂಶ ಇದ್ದರೂ ಗಣವೇ, ಏನೂ ಇಲ್ಲದಿದ್ದರೆ ಶೂನ್ಯ ಗಣ. ಆ ಪ್ರಕಾರ ಖಾಲಿ ತಟ್ಟೆಯೂ ಒಂದು ಸೆಟ್ ದೋಸೆಯೇ. ದಯವಿಟ್ಟು ಯಾವ ಹೋಟೆಲಿನವರಿಗೂ ಇದನ್ನು ಹೇಳಿಕೊಡಬೇಡಿ.

ಅಜ್ಜನ ಹಲ್ಲುಸೆಟ್ಟು ರಾತ್ರಿಯಿಡೀ ಲೋಟದ ನೀರಿನಲ್ಲಿ ಕೂತು ಮೊಮ್ಮಕ್ಕಳನ್ನು ನೋಡಿ ನಗುತ್ತದೆ. ಇನ್ನು ಪಂಪ್‌ಸೆಟ್ಟು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಎಂಬುದು ವಿಧಾನಸೌಧದ ಭಾಷೆ. ಹೊಲದಲ್ಲಿ ಕೇಳಿಬರುವುದು ‘ಮೋಟ್ರು ಸುಟ್ಟೋಯ್ತು’ ಅಂತ. ಅರ್ಜಿ ಹಾಕುವುದು ಸೆಟ್ಟಿಗೆ, ಸುಡುವುದು ಮೋಟರು.

ಟೆನಿಸ್ಸಿನ ಸೆಟ್ಟು ಇನ್ನೊಂದು ಥರ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೊಲಾ ಮಾಹು ಆಡಿದ ಕೊನೆಯ ಸೆಟ್ 70–68ಕ್ಕೆ ಮುಗಿಯಿತು. ಅದೊಂದಕ್ಕೇ 8 ಗಂಟೆ 11 ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ನಮ್ಮ ಗಾರೆಯವರು ಹಾಕಿದ ಸಿಮೆಂಟೇ ಸೆಟ್ ಆಗಿರುತ್ತದೆ.

ಇಂಗ್ಲಿಷಿನ ಸೂರ್ಯ ಸೆಟ್ ಆಗುತ್ತಾನೆ, ಕನ್ನಡದವನು ಹಟಮಾರಿ, ಇವತ್ತಿಗೂ ಮುಳುಗುತ್ತಾನೆ. ಅವನು ಮುಳುಗುವುದನ್ನು ನೋಡಲು ಆಗುಂಬೆಗೆ ಹೋದವರು ಮಾತ್ರ ಕೇಳುವುದು ‘ಸನ್‌ಸೆಟ್ ಪಾಯಿಂಟ್’ ಎಲ್ಲಿ ಎಂದೇ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದೂ ಅದೇ ಊರಿನಲ್ಲಿ. ಮನೆ, ಬೀದಿ, ಮಳೆ ಎಲ್ಲ ಅಸಲಿಯೇ ಸಿಕ್ಕಿರುವಾಗ ಸ್ಟುಡಿಯೊ ಸೆಟ್ಟು ಯಾಕೆ?

ಆದರೆ ‘ಸೆಟ್ ಆಗು’ ಇದೆಯಲ್ಲ, ಅದು ನಮ್ಮ ಸ್ವಂತ ಆಸ್ತಿ. ಅಂಗಿ ಮೈಗೆ ಸೆಟ್ ಆಗಲ್ಲ, ಹೊಸ ಊರಿನ ನೀರು ಹೊಟ್ಟೆಗೆ ಸೆಟ್ ಆಗಲ್ಲ, ಹೊಸ ಮ್ಯಾನೇಜರು ಯಾರಿಗೂ ಸೆಟ್ ಆಗಲ್ಲ. ‘ಹುಡುಗಿ ನೋಡೋಕೆ ಹೋಗಿದ್ರಲ್ಲ, ಸೆಟ್ ಆಯ್ತಾ?’ ಎಂದು ಪಕ್ಕದ ಮನೆ ಆಂಟಿ ಕೇಳಿದರೆ ಜಾತಕ, ಸಂಬಳ, ಅತ್ತೆಯ ಸ್ವಭಾವ ಎಲ್ಲವನ್ನೂ ಒಟ್ಟಿಗೇ ವಿಚಾರಿಸಿದಂತೆ. ಹೊಂದುವುದು, ಒಗ್ಗುವುದು, ಕುದುರುವುದು ಮೂರೂ ಅದರಲ್ಲೇ ಬಂತು.

ಇದಕ್ಕೆ ‘ಅಪ್’ ಸೇರಿಸುವಾಗ ಮಾತ್ರ ಜೋಕೆ. ಆಫೀಸಿನಲ್ಲಿ ಸೆಟಪ್ ಅಂದರೆ ಕಂಪ್ಯೂಟರು, ಕುರ್ಚಿ, ವೈರು. ಅರಳಿಕಟ್ಟೆಯಲ್ಲಿ ‘ಅವನದೊಂದು ಸೆಟಪ್ ಇದೆ’ ಅಂದರೆ ಅವನ ಹೆಂಡತಿಯ ಕಿವಿಗೆ ಬೀಳಬಾರದ ಸಂಗತಿ. ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಹಳ್ಳಿಗೆ ಬಂದ ಸಾಫ್ಟ್‌ವೇರ್ ಅಳಿಯನೊಬ್ಬ, ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ ಮಾವನಿಗೆ ಹೆಮ್ಮೆಯಿಂದ ಹೇಳಿದನಂತೆ: ‘ಬೆಂಗಳೂರಿನ ಮನೇಲೇ ಒಂದು ಸೆಟಪ್ ಮಾಡ್ಕೊಂಡಿದೀನಿ ಮಾವ. ನಿಮ್ಮ ಮಗಳೇ ಮುಂದೆ ನಿಂತು ಆರಿಸಿಕೊಟ್ಟಳು.’