ಕಾರಿಗೆ ಇಪ್ಪತ್ತಮೂರು, ಹುಡುಗನಿಗೆ ಏಳೂವರೆ

“ನೋಡಮ್ಮ, ಯೂನಿವರ್ಸಿಟಿಲಿ ದೊಡ್ಡ ದೊಡ್ಡ ಜಗಳ ಆಗೋದು ಯಾತಕ್ಕೆ ಹೇಳು?”

ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ಹೀಗೆ ಕೇಳಿದರೆ ಉತ್ತರವನ್ನೂ ಅವರೇ ಹೇಳುತ್ತಾರೆ. ಮಾನಸಗಂಗೋತ್ರಿಯಲ್ಲಿ ಪಾಠ ಮಾಡಿ ನಿವೃತ್ತರಾದವರು. ನಾನು ಬಟ್ಟೆ ಒಣಹಾಕುತ್ತಾ ಸುಮ್ಮನಿದ್ದೆ.

“ಪ್ರಮೋಷನ್ನಿಗಲ್ಲ. ಮರದ ನೆರಳಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ!”

ಇದು ಮೇಷ್ಟ್ರ ಸ್ವಂತ ಸಂಶೋಧನೆಯೇನಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ನಡೆಸಿದ ಕ್ಲಾರ್ಕ್ ಕೆರ್ 1950ರ ದಶಕದಲ್ಲೇ ತಮಾಷೆ ಮಾಡಿದ್ದರು: ಕುಲಪತಿಯ ತಲೆನೋವು ಮೂರೇ ಮೂರು, ಹುಡುಗರಿಗೆ ಪ್ರಣಯ, ಹಳೆಯ ವಿದ್ಯಾರ್ಥಿಗಳಿಗೆ ಆಟೋಟ, ಮೇಷ್ಟ್ರುಗಳಿಗೆ ಪಾರ್ಕಿಂಗ್. ಅದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ನೊಬೆಲ್ ಬಹುಮಾನ ಬಂದವರಿಗೆ ಬೋರ್ಡು ಹಾಕಿದ ಖಾಸಾ ಪಾರ್ಕಿಂಗ್ ಜಾಗ ಕೊಡುತ್ತಾರೆ. ಪದಕ ಬೀರು ಸೇರುತ್ತದೆ. ದಿನಾ ಬೆಳಗ್ಗೆ ಹೊಟ್ಟೆ ಉರಿಸುವುದಕ್ಕೆ ಈ ಬೋರ್ಡೇ ಬೇಕು.

ನಮ್ಮಲ್ಲೂ ಲೆಕ್ಕ ಇದೆ. ಬಯಲಲ್ಲಿ ಒಂದು ಕಾರು ನಿಲ್ಲಿಸಲು, ಹೋಗಿಬರುವ ದಾರಿಯೂ ಸೇರಿ, 23 ಚದರ ಮೀಟರ್ ಬೇಕೆಂದು ನಗರ ಯೋಜನೆಯವರು ಹಿಡಿಯುತ್ತಾರೆ. ನೆಲಮಾಳಿಗೆಯಲ್ಲಾದರೆ 32. ಕಾಲೇಜು ಹಾಸ್ಟೆಲಿನಲ್ಲಿ ಒಬ್ಬ ಹುಡುಗನ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಅಳತೆ 7.5. ಅಂದರೆ ಒಂದು ಕಾರು ನಿಂತ ಕಡೆ ಮೂವರು ಹುಡುಗರು ಮಲಗಬಹುದು. ಕಾರು ಓದುವುದಿಲ್ಲ, ಪರೀಕ್ಷೆ ಬರೆಯುವುದಿಲ್ಲ, ಸಾಯಂಕಾಲ ಐದಕ್ಕೆ ಮನೆಗೆ ಹೋಗಿಬಿಡುತ್ತದೆ. ಆದರೂ ಜಾಗ ಅದಕ್ಕೇ.

“ಅದಿರಲಿ, ಆ ಅಹಮದಾಬಾದಿನ ಕಥೆ ಏನಾಯ್ತು?” ಅಂದೆ. ಕಟ್ಟಡದ ಮಾತು ಬಂದರೆ ಮೇಷ್ಟ್ರು ಅಲ್ಲಿಗೇ ಬರುತ್ತಾರೆಂದು ಗೊತ್ತು.

ಅಲ್ಲಿಯ ಐಐಎಂ ಕ್ಯಾಂಪಸ್ಸನ್ನು ರೂಪಿಸಿದವರು ಅಮೆರಿಕದ ಲೂಯಿ ಕಾನ್. ಕರೆತಂದವರು ನಮ್ಮ ಬಿ.ವಿ. ದೋಶಿ. ಬರೀ ಇಟ್ಟಿಗೆಯ ಗೋಡೆ, ಅದರಲ್ಲಿ ದೊಡ್ಡ ದೊಡ್ಡ ದುಂಡು ಕಿಂಡಿಗಳು. ‘ನಿನಗೆ ಏನಾಗಬೇಕು?’ ಅಂತ ಕಾನ್ ಇಟ್ಟಿಗೆಯನ್ನೇ ಕೇಳಿದರಂತೆ, ಅದು ‘ಕಮಾನು’ ಅಂದಿತಂತೆ. 2020ರ ಡಿಸೆಂಬರಿನಲ್ಲಿ ಸಂಸ್ಥೆ, ಹದಿನೆಂಟು ಹಾಸ್ಟೆಲ್ ಕಟ್ಟಡಗಳಲ್ಲಿ ಹದಿನಾಲ್ಕನ್ನು ಕೆಡವುತ್ತೇವೆ ಎಂದಿತು. ಸೋರುತ್ತಿದೆ, ಇಟ್ಟಿಗೆ ಪುಡಿಯಾಗುತ್ತಿದೆ, 2001ರ ಭೂಕಂಪದ ಪೆಟ್ಟು ಬೇರೆ. ಪ್ರಪಂಚದ ವಾಸ್ತುಶಿಲ್ಪಿಗಳೆಲ್ಲ ಎದ್ದು ಕೂತು ಕಾಗದ ಬರೆದರು. 2021ರ ಜನವರಿ ಒಂದಕ್ಕೆ ಸಂಸ್ಥೆ ಮಾತು ಹಿಂದಕ್ಕೆ ತೆಗೆದುಕೊಂಡಿತು. 2022ರ ನವೆಂಬರಿನಲ್ಲಿ ಮತ್ತೆ ಅದೇ ರಾಗ: ರಿಪೇರಿ ಸಾಕು, ಹೊಸದಾಗಿ ಕಟ್ಟೋಣ.

“ಐವತ್ತು ವರ್ಷ ಆದಮೇಲೆ ಆ ಇಟ್ಟಿಗೇನ ಕೇಳಿದ್ರೆ ‘ಪೆನ್ಷನ್’ ಅಂತಿತ್ತು!” ಮೇಷ್ಟ್ರು ತಮ್ಮ ಮಾತಿಗೆ ತಾವೇ ನಕ್ಕರು.

ನನಗೆ ಅಷ್ಟು ನಗು ಬರಲಿಲ್ಲ. ಅಲ್ಲಿಯ ಗ್ರಂಥಾಲಯವನ್ನು ಚೆನ್ನಾಗಿಯೇ ರಿಪೇರಿ ಮಾಡಿ 2019ರಲ್ಲಿ ಯುನೆಸ್ಕೋ ಪ್ರಶಸ್ತಿಯನ್ನೂ ಪಡೆದರು. ಗ್ರಂಥಾಲಯಕ್ಕೆ ಆಗಿದ್ದು ಹಾಸ್ಟೆಲಿಗೆ ಏಕೆ ಆಗಬಾರದು? ಹಾಗಂತ, ತಲೆ ಮೇಲೆ ಚೂರು ಉದುರುವ ಕೋಣೆಯಲ್ಲಿ ಮಲಗುವ ಹುಡುಗನಿಗೆ ‘ಇದು ಮೇರುಕೃತಿಯಪ್ಪ, ಕೊಡೆ ಹಿಡಿದುಕೋ’ ಅನ್ನುವುದಕ್ಕೂ ಬಾಯಿ ಬರುವುದಿಲ್ಲ. ಒಂದಂತೂ ನಿಜ, ಅಲ್ಲಿ ಕೇಳುವವರಾದರೂ ಇದ್ದರು. ನಮ್ಮ ಮೈಸೂರಿನಲ್ಲಿ ಕೆಡವುವ ತೀರ್ಮಾನವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಮಳೆಯೇ ತೆಗೆದುಕೊಳ್ಳುತ್ತದೆ. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಹಾಗೇ ಕುಸಿದು ಕೂತಿತು. ಪುಣ್ಯಕ್ಕೆ ಒಳಗೆ ಹೆಣ್ಣುಮಕ್ಕಳು ಇರಲಿಲ್ಲ.

ಅದೇ ದೋಶಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟುವಾಗ ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಬೂದು ಕಲ್ಲಿನ ಗೋಡೆ, ಉದ್ದುದ್ದ ಕಾರಿಡಾರು, ಮೇಲೆ ಬಳ್ಳಿ ಹಬ್ಬಿದ ಚಪ್ಪರ, ನಡುವೆ ಅಂಗಳ. ಕ್ಲಾಸಿಗಿಂತ ಹೆಚ್ಚು ಪಾಠ ಆ ಕಾರಿಡಾರಿನಲ್ಲೇ ಆಗಲಿ ಎಂಬ ಆಸೆ. ಸಿಕ್ರಿ ಕಾಲ್ನಡಿಗೆಯವರಿಗೆ ಮಾಡಿದ ಊರು. ಕಟ್ಟಿಸಿದ ಅಕ್ಬರನಿಗೆ ಪಾರ್ಕಿಂಗ್ ಚಿಂತೆ ಇರಲಿಲ್ಲವಲ್ಲ. (ಆನೆಗಳಿದ್ದವು, ನಿಜ. ಆದರೆ ಒಬ್ಬೊಬ್ಬ ಗುಮಾಸ್ತನೂ ಒಂದೊಂದು ಆನೆ ಹತ್ತಿ ಬರುತ್ತಿರಲಿಲ್ಲ.)

ಈಗ ಕಟ್ಟುವ ಕಾಲೇಜುಗಳನ್ನು ನೋಡಿ. ಕೆಳಗೆ ಕಂಬ, ಕಂಬಗಳ ನಡುವೆ ಕಾರು, ಮೇಲೆ ನೀಲಿ ಗಾಜು. ಇಂಡೋ-ಸಾರ್ಸೆನಿಕ್ ಶೈಲಿಯೋ ಗಾಥಿಕ್ಕೋ ಎಂದು ಹಿಂದೆ ವಾದ ಮಾಡುತ್ತಿದ್ದರು. ಈಗ ಆ ತಾಪತ್ರಯವೇ ಇಲ್ಲ. ಕಂಬದಿಂದ ಕಂಬಕ್ಕೆ ಎಷ್ಟು ದೂರ ಎಂದು ಹೇಳುವುದು ಕಾರು, ಗೇಟು ಎಲ್ಲಿ ಎಂದು ಹೇಳುವುದೂ ಅದೇ. ಒಂದು ಕಮಾನು ಬಿದ್ದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಅಂಗಳಕ್ಕೆ ಸಿಮೆಂಟು ಕಲ್ಲು ಹಾಸಿ ಬಿಳಿ ಗೆರೆ ಎಳೆದರೆ ಒಂದು ಅರ್ಜಿಯೂ ಹೋಗುವುದಿಲ್ಲ.

“ದುಡ್ಡು ತಗೋಬೇಕು ಮೇಷ್ಟ್ರೇ. ಲಾಸ್ ಏಂಜಲೀಸಿನ ಪ್ರೊಫೆಸರ್ ಡೊನಾಲ್ಡ್ ಶೂಪ್ ಜೀವಮಾನವಿಡೀ ಅದನ್ನೇ ಹೇಳಿದರು, ಪುಕ್ಕಟೆ ಪಾರ್ಕಿಂಗಿನಷ್ಟು ದುಬಾರಿ ಇನ್ನೊಂದಿಲ್ಲ ಅಂತ. ತಾವು ಮಾತ್ರ ಸೈಕಲ್ಲಿನಲ್ಲಿ ಓಡಾಡುತ್ತಿದ್ದರು.”

“ಸಿಂಡಿಕೇಟಿಗೆ ಹೋಗಿ ಹೇಳಮ್ಮ! ಹುಡುಗರ ಫೀಸು ಏರಿಸೋ ಫೈಲು ಒಂದೇ ಮೀಟಿಂಗಲ್ಲಿ ಪಾಸು. ಮೇಷ್ಟ್ರುಗಳ ಕಾರಿಗೆ ದಿನಕ್ಕೆ ಹತ್ತು ರೂಪಾಯಿ ಅನ್ನೋ ಫೈಲು ಮೇಜಿಂದ ಏಳೋದೇ ಇಲ್ಲ.”

“ಆ ಫೈಲು ಬಂದಾಗ ನೀವು ಯಾವ ಕಡೆ ಕೈ ಎತ್ತಿದ್ರಿ?”

ಮೇಷ್ಟ್ರಿಗೆ ಒಳಗಿನಿಂದ ಕಾಫಿಗೆ ಕರೆ ಬಂತಂತೆ. ಅವರ ಮನೆಯಲ್ಲಿ ಯಾರೂ ಕೂಗಿದ್ದು ನನಗಂತೂ ಕೇಳಿಸಲಿಲ್ಲ.