ಜೇಬುಚಾಕು ಮೀಮಾಂಸೆ: ಮಾರಿಕುಪ್ಪಂ ಪಾಠ

(ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ಹೋಗಿಬರುವವರ ಪ್ಯಾಂಟಿನ ಬಲಜೇಬಿನಲ್ಲಿ ಇರತಕ್ಕ ತೆಳ್ಳಗಿನ, ಹತ್ತು ಕೆಲಸಕ್ಕೆ ಬರುವ ಮಡಿಚಾಕುವಿನ ಲಕ್ಷಣ, ಪರೀಕ್ಷೆ ಹಾಗೂ ಫಲಗಳನ್ನು ಕುರಿತ ಪ್ರಕರಣಗ್ರಂಥ)

1. ಅನುಬಂಧ ಚತುಷ್ಟಯ

ಯಾವ ಶಾಸ್ತ್ರವೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಓದುಗ ಅರ್ಧದಲ್ಲಿ ಎದ್ದುಹೋದಾಗ ತಪ್ಪು ಯಾರದೆಂದು ತೀರ್ಮಾನಿಸಲು ಬರುವುದಿಲ್ಲ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬೆಳಕು ಹರಿಯುವ ಮುಂಚೆಯೇ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಮೂರು ಜನರ ಸೀಟಿಗೆ ಐದನೆಯವನನ್ನೂ ಸೇರಿಸಿಕೊಂಡು ಕೆಲಸಕ್ಕೆ ಹೋಗುವ ಪಾಸುದಾರ. ವೇದಾಂತಿಗಳು ಕೇಳುವ ಸಾಧನಸಂಪತ್ತಿಯೆಲ್ಲ ಅವನಲ್ಲಿ ಆಗಲೇ ಇದೆ. ರೈಲು ನಿತ್ಯ, ಸೀಟು ಅನಿತ್ಯ ಎಂಬ ವಿವೇಕವಿದೆ. ಕಿಟಕಿಯ ಬಗ್ಗೆ ವೈರಾಗ್ಯವಿದೆ. ಪಕ್ಕದವನ ಮೊಬೈಲಿನ ಹಾಡನ್ನು ಸಹಿಸುವ ತಿತಿಕ್ಷೆಯಿದೆ. ಕೆ.ಆರ್. ಪುರ ಬಂದರೆ ಸಾಕಪ್ಪ ಎಂಬ ಮುಮುಕ್ಷುತ್ವವಂತೂ ಮಾಲೂರು ದಾಟುತ್ತಲೇ ಮೂಡುತ್ತದೆ.

ವಿಷಯ, ಮಡಿಚಾಕು. ಸಂಬಂಧ, ಜೇಬಿಗೂ ಚಾಕುವಿಗೂ ಇರುವ ಆಧಾರ–ಆಧೇಯ ಭಾವ. ಜೇಬು ತೂತಾದ ದಿನ ಇದು ತಾನಾಗಿ ಕಡಿದುಹೋಗುತ್ತದೆ. ಪ್ರಯೋಜನ, ಪಾರ್ಸೆಲ್ಲಿನ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯುವುದು ತಪ್ಪುವುದು.

2. ಲಕ್ಷಣ ನಿರೂಪಣೆ

'ಹರಿತವಾದದ್ದು ಚಾಕು' ಎಂದು ಲಕ್ಷಣ ಹೇಳಿದರೆ ಅತಿವ್ಯಾಪ್ತಿ ದೋಷ: ಬಂಗಾರಪೇಟೆ ಜಂಕ್ಷನ್ನಿನಲ್ಲಿ ಸೀಟಿಗಾಗಿ ಆಡುವ ಮಾತೂ ಚಾಕುವಾಗಿಬಿಡುತ್ತದೆ. 'ಮಡಿಚಿದಾಗ ಕಿರುಬೆರಳಿಗಿಂತ ದಪ್ಪವಿರದದ್ದು' ಎಂದರೆ ಅವ್ಯಾಪ್ತಿ: ಗರಗಸ, ಭೂತಗನ್ನಡಿ ಎಲ್ಲ ಹೊತ್ತ ದಪ್ಪ ಚಾಕುಗಳು ಹೊರಗುಳಿದು, ಅವುಗಳ ಮಾಲೀಕರಿಗೆ ಬೇಜಾರಾಗುತ್ತದೆ. 'ಎಲ್ಲ ಕೆಲಸಕ್ಕೂ ಬರುವ, ಆದರೆ ಜೇಬಿನಲ್ಲಿದೆ ಎಂದೇ ಗೊತ್ತಾಗದ' ಎಂದರೆ ಅಸಂಭವ. ಅಂಥದ್ದು ಜಾಹೀರಾತಿನಲ್ಲಿ ಮಾತ್ರ ಇದೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಇದು: ಕೂತಾಗ ತೊಡೆಗೆ ಒತ್ತದೆ, ನಿಂತಾಗ ಜೇಬು ಜೋಲಿಸದೆ, ಬೇಕೆಂದಾಗ ಹೆಬ್ಬೆರಳಿನ ಉಗುರೊಂದಕ್ಕೇ ತೆರೆದುಕೊಳ್ಳುವುದು ತೆಳುಚಾಕು.

ರಾಜಶಾಸನವೂ ನಮ್ಮ ಕಡೆಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಅದನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆ, ಹೊಲ, ಕಾರ್ಖಾನೆಯ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ ಉಂಟು. 9 ಇಂಚಿನ ಅಲಗನ್ನು ಜೇಬಿನಲ್ಲಿಡಬೇಕಾದರೆ ಮೊದಲು ಪೊಲೀಸರನ್ನಲ್ಲ, ಟೈಲರನ್ನು ಒಪ್ಪಿಸಬೇಕು.

ತೆಳುವೆಂದರೆ ಎಷ್ಟು ತೆಳು? ಕೆ.ಜಿ.ಎಫ್.ನಲ್ಲಿ ಆ ಪ್ರಶ್ನೆಗೆ ವಿಜ್ಞಾನಿಗಳೇ ಕೊನೆಯ ಮಾತು ಹೇಳಿಬಿಟ್ಟಿದ್ದಾರೆ. ನ್ಯೂಟ್ರಿನೊ ಎಂಬ ಕಣ ಭೂಮಿಯನ್ನೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಯಾರಿಗೂ ತಿಳಿಯದಂತೆ ದಾಟಿಹೋಗುತ್ತದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ಜೊತೆಗಾರರೊಂದಿಗೆ ಪತ್ತೆಹಚ್ಚಿದ್ದು ಇಲ್ಲಿಯೇ, ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೊಮೀಟರಿಗೂ ಹೆಚ್ಚಿನ ಆಳದಲ್ಲಿ. ಜಗತ್ತಿನ ಯಾವ ತಪಾಸಣೆಗೂ ಸಿಗದ ವಸ್ತುವನ್ನೂ ಕೆ.ಜಿ.ಎಫ್. ಹಿಡಿಯಿತೆಂದ ಮೇಲೆ, ತೆಳುವಾಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ನಂಬಿಕೆಯನ್ನು ಚಾಕು ಕೊಳ್ಳುವವನು ಇಲ್ಲಿಗೇ ಬಿಡತಕ್ಕದ್ದು.

3. ಗುರುಪರಂಪರೆ

ಪಾಶ್ಚಾತ್ಯ ಪರಂಪರೆಗೆ ಮೂಲಪುರುಷ ಸ್ವಿಟ್ಜರ್‌ಲೆಂಡಿನ ಇಬಾಖ್ ಊರಿನ ಕಾರ್ಲ್ ಎಲ್ಸೆನರ್. 1884ರಲ್ಲಿ ಕಮ್ಮಟ ತೆರೆದ ಈತ 1891ರಲ್ಲಿ ಸೈನಿಕರಿಗೆ ಮಡಿಚಾಕು ಒದಗಿಸತೊಡಗಿದ. ಹೊಸ ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿಯ ಊಟ ತೆರೆಯಲು ಓಪನರ್ ಬೇಕಿತ್ತು. ಎರಡೂ ಒಂದೇ ಹಿಡಿಯೊಳಗೆ ಕೂತವು. ಇನ್ನೂ ಹಗುರವಾದ ಅಧಿಕಾರಿಗಳ ಚಾಕು 1897ರ ಜೂನ್ 12ರಂದು ನೋಂದಣಿಯಾಯಿತು. ಇತ್ತ ಚಿನ್ನದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್.ಗೆ ಬಂದದ್ದು 1880ರಲ್ಲಿ; ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂದದ್ದು 1894ರಲ್ಲಿ; ಶಿವನಸಮುದ್ರದಿಂದ ವಿದ್ಯುತ್ ಬಂದದ್ದು 1902ರಲ್ಲಿ. ಈ ಎರಡು ಸಾಲು ಇಸವಿಗಳ ನಡುವೆ ಯಾವ ಕಾರ್ಯಕಾರಣ ಸಂಬಂಧವೂ ಇಲ್ಲ. ಆದರೆ ಪಕ್ಕಪಕ್ಕದಲ್ಲಿ ಬರೆದಾಗ ಇದೆಯೆಂದು ತೋರುತ್ತದೆ. ಸಂಶೋಧನೆಗೆ ಅಷ್ಟು ಸಾಕು.

ಇಕ್ಕಳವನ್ನೂ ಮಡಿಚಿ ಜೇಬಿಗಿಳಿಸಿದ ಶಾಖೆ ಅಮೆರಿಕದ ಟಿಮ್ ಲೆದರ್‌ಮನ್‌ನದು. 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ ದಾರಿಯುದ್ದಕ್ಕೂ ಬಂದ ರಿಪೇರಿಗಳು ಆತನನ್ನು ಋಷಿಯಾಗಿಸಿದವು. 1983ರಲ್ಲಿ ಮಾಲು ಪೇಟೆಗೆ ಬಂತು.

ದೇಶೀಯ ಪರಂಪರೆ ಇದಕ್ಕಿಂತ ಗಹನ. ಒಂದನೆಯದು ರೈಲಿನಲ್ಲಿ ಮಾರುವ ನೇಲ್ ಕಟರ್. ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಚಾಕು, ಒಂದು ಬಾಟಲ್ ಓಪನರ್, ಕೊನೆಯಲ್ಲಿ ಕೀಚೈನಿನ ಸರಪಳಿ. ಎರಡನೆಯದು ತಾಯಂದಿರ ಮಾಂಗಲ್ಯದ ಸರಕ್ಕೋ ಬಳೆಗೋ ನೇತುಬಿದ್ದ ಪಿನ್ನುಗಳ ಗೊಂಚಲು. ಮುಳ್ಳು ತೆಗೆಯುವುದು, ಲಾಡಿ ಪೋಣಿಸುವುದು, ಕಿತ್ತ ಚಪ್ಪಲಿಯನ್ನು ಮನೆಯವರೆಗೆ ನಡೆಸುವುದು, ಜಾತ್ರೆಯಲ್ಲಿ ಮಗುವಿನ ಅಂಗಿಗೆ ಗುಂಡಿಯಾಗುವುದು, ಬಸ್ಸಿನಲ್ಲಿ ಮೈಮೇಲೆ ಬೀಳುವವನಿಗೆ ಸದಾಚಾರ ಬೋಧಿಸುವುದು ಎಲ್ಲವೂ ಆ ಒಂದು ಪಿನ್ನಿಗೆ ಸಾಧ್ಯ. ಇಬಾಖ್‌ನ ಕಮ್ಮಟದಿಂದ ಇಷ್ಟು ತೆಳುವಾದ ಉಪಕರಣ ಇನ್ನೂ ಹೊರಬಂದಿಲ್ಲ.

4. ಮತತ್ರಯ ವಿಚಾರ

ಕೋಲಾರ ಜಿಲ್ಲೆಗೆ ವಾದ ಹೊಸತಲ್ಲ. ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಮಠವಿದೆ, ಅದೇ ತಾಲ್ಲೂಕಿನ ಆವನಿಯಲ್ಲಿ ಶಂಕರಮಠವಿದೆ. ಆ ಹಿರಿಯರ ಕ್ಷಮೆ ಕೋರಿ ಚಾಕುವಾದಿಗಳನ್ನೂ ಮೂರಾಗಿ ವಿಂಗಡಿಸಬಹುದು.

ಅದ್ವೈತಿಗಳ ಪ್ರಕಾರ ಅಲಗೊಂದೇ ಸತ್ಯ, ಉಳಿದ ಓಪನರ್, ಅರ, ಚಿಮಟ ಎಲ್ಲ ಮಿಥ್ಯೆ. ಅಲಗಿನ ತುದಿಯಿಂದಲೇ ಸ್ಕ್ರೂ ತಿರುಗಿಸಲು ಹೋಗಿ ಅವರು ತುದಿ ಮುರಿದುಕೊಳ್ಳುತ್ತಾರೆ; ಮುರಿದದ್ದೂ ಮಾಯೆ ಎನ್ನುತ್ತಾರೆ. ದ್ವೈತಿಗಳು ಅಲಗು ಮತ್ತು ಕತ್ತರಿ ಎರಡೂ ಸತ್ಯ, ಅವುಗಳ ಭೇದವೂ ಸತ್ಯ ಎನ್ನುತ್ತಾರೆ: ಹಾಲಿನ ಪ್ಯಾಕೆಟ್ಟಿನ ಮೂಲೆ, ಮೀಸೆಯ ತುದಿ, ಅಂಗಿಯಿಂದ ಹೊರಬಂದ ದಾರ, ಇವು ಮೂರೂ ಕತ್ತರಿಯ ಸ್ವತ್ತು, ಅಲಗಿಗೆ ಅಲ್ಲಿ ಪ್ರವೇಶವಿಲ್ಲ. ವಿಶಿಷ್ಟಾದ್ವೈತಿಗಳಿಗೆ ಚಾಕು ಒಂದೇ, ಆದರೆ ಹದಿನಾಲ್ಕು ಅಂಗಗಳಿಂದ ಕೂಡಿದ್ದು. ಇವರನ್ನು ಗುರುತಿಸುವುದು ಸುಲಭ: ಬೆಲ್ಟು ಬಲಕ್ಕೆ ವಾಲಿರುತ್ತದೆ.

5. ಪರೀಕ್ಷಾಧಿಕರಣ

ಕಾಠಿನ್ಯ: ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಚಿನ್ನಕ್ಕೆ 2.5ರಿಂದ 3, ಸಾಮಾನ್ಯ ಚಾಕುವಿಗೆ ಸುಮಾರು 5.5, ನೋಡಲು ಚಿನ್ನದಂತೆಯೇ ಹೊಳೆಯುವ ಪೈರೈಟಿಗೆ 6ರಿಂದ 6.5, ಬೆಣಚುಕಲ್ಲಿಗೆ 7. ಚಾಕುವಿಗೆ ಬಗ್ಗಿದರೆ ಚಿನ್ನವಿರಬಹುದು, ಬಗ್ಗದಿದ್ದರೆ ಪೈರೈಟ್. ಭೂವಿಜ್ಞಾನಿಗಳು ಜೇಬುಚಾಕು ಇಟ್ಟುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆದರೆ ಕೋಲಾರದ ಚಿನ್ನ ಕೂತಿದ್ದದ್ದೇ ಬೆಣಚುಕಲ್ಲಿನ ಎಳೆಗಳಲ್ಲಿ. ಅಂದರೆ ಈ ನೆಲದಲ್ಲಿ ಚಾಕು ಚಿನ್ನವನ್ನು ಗೆಲ್ಲುತ್ತದೆ, ಚಿನ್ನದ ಮನೆಗೆ ಸೋಲುತ್ತದೆ. ಸೋಲದವರೆಂದರೆ ಆ ಕಲ್ಲನ್ನು ಕೊರೆಯುತ್ತ ಸುಮಾರು 3.2 ಕಿಲೊಮೀಟರ್ ಆಳಕ್ಕೆ ಇಳಿದ ಕಾರ್ಮಿಕರು ಮಾತ್ರ.

ತೀಕ್ಷ್ಣತೆ: ಪರದೇಶಗಳಲ್ಲಿ ಕಾಗದ ಕೊಯ್ದು ನೋಡುತ್ತಾರೆ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಬೆಟ್ಟ ಬಿದ್ದಿರುವಾಗ ಕಾಗದವೇಕೆ? ಹಣ್ಣಾದ ಟೊಮೆಟೊವಿನ ಸಿಪ್ಪೆ ಜಾರದೆ, ರಸ ಸಿಡಿಯದೆ ಸೀಳಿದರೆ ಅಲಗು ಪಾಸು. ಪರೀಕ್ಷೆಯ ಸಾಮಗ್ರಿಯನ್ನು ಆಮೇಲೆ ಚಿತ್ರಾನ್ನಕ್ಕೆ ಹಾಕಬಹುದು. ದರ ಏರಿದ ದಿನಗಳಲ್ಲಿ ಈ ಪರೀಕ್ಷೆ ನಿಷಿದ್ಧ.

ಅನಾವಶ್ಯಕತೆ: ಉಪಕರಣವಿಲ್ಲದೆ ನಡೆಯುವ ಕೆಲಸಗಳ ಪಟ್ಟಿಯೂ ಬೇಕು. ಗೋಲಿಸೋಡಾಕ್ಕೆ ಓಪನರ್ ಬೇಡ, ಗೋಲಿಯನ್ನು ಒಳಗೆ ಒತ್ತಿದರಾಯಿತು. ಬಂಗಾರಪೇಟೆಯ ಪಾನಿಪುರಿಗೆ, ಬಣ್ಣವಿಲ್ಲದ ತಿಳಿನೀರಿನಂತೆ ಕಂಡು ನಾಲಗೆಗೆ ಬೆಂಕಿಯಿಡುವ ಆ ಪಾನಿಗೆ, ಪುರಿಯಲ್ಲಿ ದಾರಿ ಮಾಡುವುದು ಅಂಗಡಿಯವನ ಹೆಬ್ಬೆರಳು. ಕಾರ್ಕು ತೆಗೆಯುವ ತಿರುಪುಮೊಳೆಗೆ ಇಡೀ ಮಾರ್ಗದಲ್ಲಿ ಒಂದು ಉಪಯೋಗವೂ ಕಂಡುಬರಲಿಲ್ಲ.

6. ಶೋಧಾಧಿಕರಣ

ಮೇಲಿನದ್ದೆಲ್ಲ ಪೀಠಿಕೆ, ಶಾಸ್ತ್ರದ ಹೃದಯ ಇಲ್ಲಿದೆ. ಕೆ.ಜಿ.ಎಫ್.ನಲ್ಲಿ ಬಡವನ ಜೇಬು ಎಂದೂ ಅವನೊಬ್ಬನದೇ ಆಗಿರಲಿಲ್ಲ. ಕಂಪನಿ ಕಾಲದಲ್ಲಿ ಗಣಿಯಿಂದ ಮೇಲೆ ಬಂದವನ ಮೈ ತಡವಿ ನೋಡುತ್ತಿದ್ದರು, ಚಿನ್ನದ ಚೂರೇನಾದರೂ ಹೊರಗೆ ಹೋದೀತೆಂದು. ಜೇಬಾಯಿತು, ಬೆರಳೂ ಬೇಕೆಂದು ಬೆರಳಚ್ಚಿನ ಕಟ್ಟಳೆ ಬಂದಾಗ 1930ರಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಊರಿನ ದುಡಿಮೆ ರೈಲು ಹತ್ತಿತು. ಈಗ ವೈಟ್‌ಫೀಲ್ಡಿನಲ್ಲಿ ಇಳಿದ ಮೊಮ್ಮಗ ಮೆಟ್ರೊ ಬಾಗಿಲಲ್ಲಿ ಕೈ ಎತ್ತಿ ನಿಲ್ಲುತ್ತಾನೆ, ಅವನ ಬ್ಯಾಗು ಯಂತ್ರದೊಳಗೆ ಮಲಗಿ ಹೋಗುತ್ತದೆ.

ತಾತನನ್ನು ಹೊರಗೆ ಬರುವಾಗ ತಡವಿದರು, ಏನು ಒಯ್ಯುತ್ತಾನೋ ಎಂದು. ಮೊಮ್ಮಗನನ್ನು ಒಳಗೆ ಹೋಗುವಾಗ ತಡವುತ್ತಾರೆ, ಏನು ಮಾಡುತ್ತಾನೋ ಎಂದು. ಎರಡು ಕಾಲದಲ್ಲೂ ಜೇಬಿನ ಶಕ್ತಿಯ ಬಗ್ಗೆ ಇಟ್ಟ ಗೌರವ ಜೇಬಿಗೆ ಮೀರಿದ್ದು. ಕೆ.ಜಿ.ಎಫ್. ಹೆಸರಿನ ಸಿನಿಮಾಗಳು 2018 ಮತ್ತು 2022ರಲ್ಲಿ ಬಂದ ಮೇಲಂತೂ ಊರ ಹೆಸರು ಹೇಳಿದೊಡನೆ ಕೇಳಿದವರ ಹುಬ್ಬೇರುತ್ತದೆ. ಹೇಳಿದವನ ಜೇಬಿನಲ್ಲಿರುವುದು ಪಾಸು, ಬಾಚಣಿಗೆ, ಮನೆಯ ಕೀಲಿ.

7. ಸಿದ್ಧಾಂತ

ಆದ್ದರಿಂದ ನಿರ್ಣಯ. ಮೆಟ್ರೊ ಮಾರ್ಗದವನಿಗೆ ಅಲಗು ವರ್ಜ್ಯ. ಅವನ ಚಾಕು ಮನೆಯ ಶೆಲ್ಫಿನಲ್ಲಿ ಸುಖವಾಗಿರಲಿ, ಕೀಚೈನಿಗೆ ಅಲಗಿಲ್ಲದ ನೇಲ್ ಕಟರ್ ಸಾಕು. ಊರಲ್ಲೇ ದುಡಿಯುವವನಿಗೆ, ತೋಟ ಇರುವವನಿಗೆ, ಅಂಗಡಿ ತೆರೆಯುವವನಿಗೆ ಅಲಗು ವಿಹಿತ. ಅವರಲ್ಲೂ ಕಡಿಮೆ ಕೆಲಸದವರಿಗೆ 58 ಮಿಲಿಮೀಟರ್ ಉದ್ದದ, 21 ಗ್ರಾಂ ತೂಕದ ವಿಕ್ಟೋರಿನಾಕ್ಸ್ ಕ್ಲಾಸಿಕ್ ಜಾತಿ: ಅಲಗು, ಕತ್ತರಿ, ಸ್ಕ್ರೂ ತುದಿಯ ಅರ, ಚಿಮಟ, ಹಲ್ಲುಕಡ್ಡಿ. ಹೆಚ್ಚು ಕೆಲಸದವರಿಗೆ 84 ಮಿಲಿಮೀಟರಿನ ಕೆಡೆಟ್: ದೊಡ್ಡ ಅಲಗು, ಅರ, ಎರಡು ಓಪನರ್, ಲೋಹದ ತೆಳುಹಿಡಿ. ಬೆಲೆ ಎಷ್ಟಿರಬೇಕೆಂದರೆ, ಕಳೆದುಹೋದ ದಿನ ಊಟ ಸೇರುವಷ್ಟು.

ಇನ್ನೂ ಒಂದು ಸೂಕ್ಷ್ಮವುಂಟು. ಒಂದು ಬೋಗಿಗೆ ಒಂದು ಚಾಕು ಸಾಕು.

"ಅಣ್ಣಾ, ಚಾಕು ಐತಾ?"

"ಐತೆ. ತುದಿ ಮುರೀಬ್ಯಾಡ, ಮಾಲೂರ್ ಬರೋಷ್ಟ್ರಲ್ಲಿ ವಾಪಸ್ ಕೊಡು."

ಇಷ್ಟು ಮಾತಿನಿಂದ ಸೀಬೆಹಣ್ಣು ಎಂಟು ಹೋಳಾಗಿ ಎಂಟು ಕೈಗೆ ಹೋಗುತ್ತದೆ. ಆಳದಲ್ಲಿ ದುಡಿದವರ ಮಕ್ಕಳಿಗೆ ಉಪಕರಣ ಹಂಚಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಚಾಕು ಆರಿಸುವವನು ಮೊದಲು ಆರಿಸಬೇಕಾದ್ದು ಬೋಗಿಯನ್ನು.

8. ಫಲಶ್ರುತಿ

ಈ ಮೀಮಾಂಸೆಯನ್ನು ಪ್ರಾತಃಕಾಲ ಪಠಿಸುವವನಿಗೆ ಪಾರ್ಸೆಲ್ ಟೇಪು ತುದಿ ತೋರಿಸುತ್ತದೆ. ಸಾಯಂಕಾಲ ಪಠಿಸುವವನಿಗೆ ಹಾಲಿನ ಪ್ಯಾಕೆಟ್ ಚೆಲ್ಲುವುದಿಲ್ಲ. ಶನಿವಾರ ಪಠಿಸಿದರೆ ಬಂಗಾರಪೇಟೆಯಲ್ಲಿ ಸೀಟು ಸಿಗುತ್ತದೆ, ಸಿಗದಿದ್ದರೆ ಭಕ್ತಿ ಸಾಲದೆಂದು ತಿಳಿಯುವುದು. ಎರವಲು ಪಡೆದ ಚಾಕುವನ್ನು ಕೇಳದೆಯೇ ಹಿಂದಿರುಗಿಸುವವನಿಗೆ ಪುನರ್ಜನ್ಮವಿಲ್ಲ. ಅಂಥವನ ಮೊದಲ ಜನ್ಮವೇ ಇನ್ನೂ ಆಗಬೇಕಷ್ಟೆ.