ಹಳದಿ ಮುಚ್ಚಳದ ಪಂಡಿತರು

ಬಿಯರ್ ಪಂಡಿತರನ್ನು ಗುರುತಿಸುವುದು ಸುಲಭ. ಹತ್ತು ಜನ ಸೇರಿದ ಕಡೆ ಯಾರ ಬಾಯಿಗೆ ಇನ್ನೂ ಬಿಯರ್ ಸೋಕಿಲ್ಲವೋ ಅವರೇ. ಮಿಕ್ಕವರು ಕುಡಿದು ಎರಡನೆಯದಕ್ಕೆ ಕೈ ಚಾಚುವಾಗ ಇವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಳದಲ್ಲಿ ಯೀಸ್ಟ್ ಎಷ್ಟು ಕೂತಿದೆ ಎಂದು ನೋಡುತ್ತಿರುತ್ತಾರೆ. ಈ ಜಾತಿಯವರು ಎಲ್ಲ ದೇಶದಲ್ಲೂ ಇದ್ದಾರೆ. ನಾನು ಬಲ್ಲ ಪಂಡಿತರು ಬೆಲ್ಜಿಯಮ್ಮಿನ ಲ್ಯುವೆನ್‌ನಲ್ಲಿ ನೆಲೆಸಿರುವ ದಾವಣಗೆರೆಯವರು. ಹೊಟ್ಟೆಪಾಡಿಗೆ ಚಿಪ್ ವಿನ್ಯಾಸ. ಲ್ಯುವೆನ್ ಎಂದರೆ ಸ್ಟೆಲ್ಲಾ ಆರ್ತ್ವಾ ಬಿಯರಿನ ತವರು. ಆ ಹೆಸರೆತ್ತಿದರೆ ಪಂಡಿತರು, "ಅದು ದಾಹಕ್ಕೆ" ಅನ್ನುತ್ತಾರೆ. ದಾಹಕ್ಕೆಂದು ಕುಡಿಯುವುದು ಅವರ ಪ್ರಕಾರ ದನಕರುಗಳ ಕೆಲಸ.

ಪಂಡಿತರ ಆರಾಧ್ಯ ದೈವ ವೆಸ್ಟ್‌ವ್ಲೇಟರೆನ್ 12. ಬೆಲ್ಜಿಯಮ್ಮಿನ ಪಶ್ಚಿಮದ ತುದಿಯಲ್ಲಿ, ಹಾಪ್ಸ್ ಬೆಳೆಗೆ ಹೆಸರಾದ ಪೋಪರಿಂಗೆ ಊರಿನ ಹತ್ತಿರ, ಸೇಂಟ್ ಸಿಕ್ಸ್‌ಟಸ್ ಮಠದ ಟ್ರಾಪಿಸ್ಟ್ ಸನ್ಯಾಸಿಗಳು ಮಾಡುವ ಕಡುಕಂದು ಬಿಯರ್ ಅದು. ಮಠ ಶುರುವಾದದ್ದು 1831ರಲ್ಲಿ. ಆ ದಶಕದ ಕೊನೆಗೆ ಬಿಯರಿನ ಹಂಡೆಯೂ ಒಲೆಯ ಮೇಲೆ ಕೂತಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಬೆಲ್ಜಿಯಮ್ಮಿನ ಬ್ರೂವರಿಗಳ ತಾಮ್ರದ ಹಂಡೆಗಳನ್ನು ಕಿತ್ತುಕೊಂಡು ಹೋದರೂ ಈ ಮೂಲೆ ಅವರ ಕೈಗೆ ಸಿಗಲಿಲ್ಲ. ಬಾಟಲಿಗೆ ಬಹುಕಾಲ ಲೇಬಲ್ಲೇ ಇರಲಿಲ್ಲ. ಹಸಿರು ಮುಚ್ಚಳವಾದರೆ ಬ್ಲಾಂಡ್, ನೀಲಿಯಾದರೆ 8, ಹಳದಿಯಾದರೆ 12. ಹಳದಿಯದರಲ್ಲಿ ಆಲ್ಕೋಹಾಲ್ ಶೇ. 10.2, ಪಂಡಿತರ ಪ್ರವಚನವೂ ಹೆಚ್ಚುಕಮ್ಮಿ ಅಷ್ಟೇ ಗಾಢ.

2005ರಲ್ಲಿ ರೇಟ್‌ಬಿಯರ್ ಜಾಲತಾಣ ಇದನ್ನು ಜಗತ್ತಿನ ಅತ್ಯುತ್ತಮ ಬಿಯರ್ ಎಂದಿತು. ಮಠದ ಬಾಗಿಲಿಗೆ ಕಾರುಗಳು ಸಾಲುಗಟ್ಟಿದವು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಬ್ರೂವರಿ ಕಟ್ಟುತ್ತಿದ್ದರು. ಸನ್ಯಾಸಿಗಳು ಒಂದು ಹಂಡೆಯನ್ನೂ ಹೆಚ್ಚಿಗೆ ಹೂಡಲಿಲ್ಲ. ಮಠ ನಡೆಯಬೇಕು, ಕೈಲಾದ ದಾನಧರ್ಮ ಆಗಬೇಕು. ಅದಕ್ಕೆ ವರ್ಷಕ್ಕೆ ಸುಮಾರು 5000 ಹೆಕ್ಟೋಲೀಟರ್ ಸಾಕು ಎಂದು ಪ್ರಾರ್ಥನೆಗೆ ಎದ್ದು ಹೋದರು. ಅವರು ಅಂದು ಮನಸ್ಸು ಮಾಡಿ ನಾಲ್ಕು ಹಂಡೆ ಹೆಚ್ಚಿಗೆ ಕಾಯಿಸಿದ್ದರೆ ನಮ್ಮ ಪಂಡಿತರು ಹುಟ್ಟುತ್ತಲೇ ಇರಲಿಲ್ಲ.

ಈ ಬಿಯರ್ ಬೇಕೆಂದರೆ ಮಠಕ್ಕೆ ಫೋನ್ ಮಾಡಿ, ಕಾರಿನ ನಂಬರ್ ಹೇಳಿ, ದಿನ ಗೊತ್ತುಮಾಡಿಕೊಂಡು ಹೋಗಿ ತರಬೇಕಿತ್ತು. ಲೈನ್ ಸಿಗುವುದೇ ದುಸ್ತರ. ಒಂದು ಫೋನಿಗೆ, ಒಂದು ಕಾರಿಗೆ 60 ದಿನಕ್ಕೊಮ್ಮೆ ಮಾತ್ರ. ತಂದದ್ದನ್ನು ಮಾರಕೂಡದು. ಪಂಡಿತರು ನಿಯಮ ಮುರಿಯುವವರಲ್ಲ, ನೆಂಟರಿಷ್ಟರ ಮೇಲೆ ಹಂಚುವವರು. ಹೆಂಡತಿಯ ಫೋನು, ಸಹೋದ್ಯೋಗಿಯ ಕಾರು, ಮಗುವಿನ ಡೇಕೇರ್‌ನಲ್ಲಿ ಪರಿಚಯವಾದವರ ಕಾರು. ಕನ್ನಡ ಕೂಟಕ್ಕೆ ಹೊಸಬರು ಬಂದರೆ ಉಳಿದವರು, "ಯಾವ ಊರು, ಯಾರ ಪೈಕಿ?" ಎಂದು ವಿಚಾರಿಸುತ್ತಾರೆ. ಪಂಡಿತರು, "ಕಾರ್ ತಗೊಂಡ್ರಾ?" ಅನ್ನುತ್ತಾರೆ.

2019ರಲ್ಲಿ ಮಠದವರು ಫೋನ್ ಬಿಟ್ಟು ಆನ್‌ಲೈನ್ ಬುಕಿಂಗ್ ಶುರುಮಾಡಿದರು. ಎಲ್ಲರೂ ಸಂತೋಷಪಟ್ಟರು, ಪಂಡಿತರು ಒಂದು ವಾರ ಮಂಕಾದರು. ರೀಡಯಲ್ ಒತ್ತಿ ಒತ್ತಿ ಹೆಬ್ಬೆರಳು ನೋಯದೆ ಬಂದ ಬಿಯರಿನಲ್ಲಿ ಏನು ಸ್ವಾರಸ್ಯ ಎಂಬುದು ಅವರ ಕೊರಗು.

ಅವರ ನಿಜವಾದ ಮರ್ಮ ಇರುವುದು ಇಲ್ಲೇ ಎಂದು ನನ್ನ ಗುಮಾನಿ. ಮಠದ ಹತ್ತಿರದ ವಾಟೂ ಎಂಬ ಊರಿನಲ್ಲಿ ಸೇಂಟ್ ಬರ್ನಾರ್ಡಸ್ ಬ್ರೂವರಿ ಇದೆ. 1946ರಿಂದ 1992ರವರೆಗೆ ಇದೇ ಮಠದ ಪರವಾನಗಿಯಲ್ಲಿ ಇದೇ ಬಿಯರನ್ನು ಕಾಯಿಸಿ ಮಾರಿದವರು ಅವರು. ಪರವಾನಗಿ ಮುಗಿದ ಮೇಲೆ ಸ್ವಂತ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಅವರ ಆಬ್ಟ್ 12 ಬಾಟಲಿಗೆ ಫೋನೂ ಬೇಡ, ನಂಬರ್ ಪ್ಲೇಟೂ ಬೇಡ. ಅಂಗಡಿಗೆ ಹೋಗಿ ಚೀಲಕ್ಕೆ ಹಾಕಿಕೊಂಡು ಬಂದರಾಯಿತು. ಇದನ್ನು ನೆನಪಿಸಿದರೆ ಪಂಡಿತರು, "ಯೀಸ್ಟ್ ಬೇರೆ" ಎನ್ನುತ್ತಾರೆ. ಅದು ನಿಜವೇ, ಮಠದವರು ಈಗ ವೆಸ್ಟ್‌ಮಾಲೆ ಮಠದ ಯೀಸ್ಟ್ ತರಿಸಿಕೊಳ್ಳುತ್ತಾರೆ. ಆದರೆ ಪಂಡಿತರು "ಅಂಗಡೀಲಿ ಸಿಗುತ್ತೆ ಕಣ್ರೀ" ಅನ್ನುವಾಗ ದನಿಯಲ್ಲಿರುವ ತಾತ್ಸಾರ, ಯೀಸ್ಟಿನ ಬಗ್ಗೆ ಹೇಳುವಾಗ ಇರುವುದಿಲ್ಲ.

ಬೆಲೆಯ ವಿಷಯಕ್ಕೂ ಅವರಿಗೂ ಹೀಗೇ ಒಂದು ನಂಟು. ಮಠದವರು ಪಾಲಿಸುವ ಸಂತ ಬೆನೆಡಿಕ್ಟರ ನಿಯಮಾವಳಿಯ 57ನೇ ಅಧ್ಯಾಯ, ಮಠದ ಸರಕನ್ನು ಹೊರಗಿನ ಬೆಲೆಗಿಂತ ತುಸು ಅಗ್ಗಕ್ಕೇ ಕೊಡಬೇಕು ಅನ್ನುತ್ತದೆ. ಹಾಗಾಗಿ ಮಠದ ಬಾಗಿಲಲ್ಲಿ ಒಂದು ಬಾಟಲಿಗೆ ಎರಡು ಯೂರೋ ಆಸುಪಾಸು ಕೊಟ್ಟು ತಂದದ್ದೂ ಉಂಟು. ಪಂಡಿತರು ಒಂದು ಬಾಟಲಿಯನ್ನೂ ಮಾರಿದವರಲ್ಲ, ಆ ಮಟ್ಟಿಗೆ ಅವರೂ ವಿರಕ್ತರೇ. ಆದರೆ ಸುರಿಯುವ ಮುಂಚೆ, 2012ರಲ್ಲಿ ಮಠದ ಕಟ್ಟಡದ ಖರ್ಚಿಗೆಂದು ಅಮೆರಿಕದಲ್ಲಿ ಆರು ಬಾಟಲಿ, ಎರಡು ಲೋಟದ ಪೆಟ್ಟಿಗೆಯನ್ನು ಸುಮಾರು 85 ಡಾಲರಿಗೆ ಮಾರಿದ್ದನ್ನು ಹೇಳದೆ ಬಿಡುವುದಿಲ್ಲ. ಕೇಳಿದವರು ಪಾಪ, ಡಾಲರನ್ನು ರೂಪಾಯಿ ಮಾಡಿ ಆರರಿಂದ ಭಾಗಿಸುತ್ತಾ ಮೊದಲ ಗುಟುಕಿನ ರುಚಿಯನ್ನೇ ಮರೆಯುತ್ತಾರೆ.

ಒಮ್ಮೆ ಅವರ ಜೊತೆ ಮಠಕ್ಕೂ ಹೋಗಿದ್ದೆ. ಮಠದ ಎದುರು ಇನ್ ಡೆ ವ್ರೇಡೆ ಎಂಬ ಕೆಫೆ. ಬುಕಿಂಗ್ ಗೊಡವೆಯಿಲ್ಲದೆ ಕೂತು ಕುಡಿಯಬಹುದಾದ ಜಾಗ. ಭಾನುವಾರ. ಫ್ಲೆಮಿಶ್ ಮುದುಕರು ಸೈಕಲ್ ಒರಗಿಸಿ, ಚೀಸ್ ತುಂಡುಗಳನ್ನು ಸಾಸಿವೆಗೆ ಅದ್ದಿ ಬಾಯಿಗೆ ಹಾಕಿಕೊಂಡು, ಅದರ ಮೇಲೆ 12ನ್ನು ಗುಟುಕರಿಸುತ್ತಾ ಮೊಮ್ಮಕ್ಕಳನ್ನು ಗದರುತ್ತಿದ್ದರು. ಯಾರೂ ಬೆಳಕಿಗೆ ಹಿಡಿಯಲಿಲ್ಲ, ಯಾರೂ ಮೂಸಲಿಲ್ಲ. ಪಂಡಿತರು ಹನಿಹನಿಯಾಗಿ ನಾಲಿಗೆಗೆ ಬಿಟ್ಟುಕೊಳ್ಳುತ್ತಿದ್ದಾಗ ಪಕ್ಕದ ಮೇಜಿನ ಅಜ್ಜಿಯೊಬ್ಬರು ಕನಿಕರದಿಂದ, ಬಿಯರ್ ಸರಿಯಿಲ್ಲವೇ, ಬೇರೆ ತರಿಸಲೇ ಎಂದು ಕೇಳಿದರು. ವಾಪಸು ಬರುವ ದಾರಿಯುದ್ದಕ್ಕೂ, 150 ಕಿಲೋಮೀಟರಿಗೂ ಮೇಲೆ, ಪಂಡಿತರು ಮಾತಾಡಲಿಲ್ಲ.

ಅವರ ಮನೆಯ ರುಚಿನೋಡುವ ಸಮಾರಂಭವೇ ಬೇರೆ. ಒಂದು ಸಲ ಮಂಡ್ಯದಿಂದ ಬಂದಿದ್ದ ಅವರ ಮಾವನವರೂ ಇದ್ದರು, ಕಬ್ಬು ಬೆಳೆದು ವಯಸ್ಸಾದವರು. ಮೇಜಿನ ಮೇಲೆ ಬಾಯಗಲದ ಪೀಠದ ಲೋಟಗಳು, ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಅಡುಗೆಮನೆಯಲ್ಲಿ ಚಕ್ಕುಲಿ ಕರಿದಿಟ್ಟಿದ್ದರು. ಖಾರಕ್ಕೆ ನಾಲಿಗೆ ಕೆಡುತ್ತದೆಂದು ಅದಕ್ಕೆ ಪ್ರವೇಶವಿರಲಿಲ್ಲ. ಫ್ರಿಜ್ಜಿನಿಂದ ತೆಗೆದ ಬಾಟಲಿ 14 ಡಿಗ್ರಿಗೆ ಬರಲೆಂದು ಕಾದೆವು. 33 ಸೆಂಟಿಲೀಟರನ್ನು ಆರು ಲೋಟಕ್ಕೆ, ತಳದ ಗಸಿ ಕದಡದಂತೆ, ಪಂಡಿತರು ಉಸಿರು ಬಿಗಿಹಿಡಿದು ಬಗ್ಗಿಸಿದರು. ಪಲ್ಸ್ ಪೋಲಿಯೋ ಹನಿ ಹಾಕಿಸಿಕೊಂಡಂತಾಯಿತು.

"ಏನು ಸಿಗ್ತಿದೆ? ಆತುರ ಬೇಡ" ಎಂದರು ಪಂಡಿತರು. ಒಬ್ಬರು ಒಣದ್ರಾಕ್ಷಿ ಎಂದರು. ಇನ್ನೊಬ್ಬರು ಖರ್ಜೂರ ಎಂದು ಪಂಡಿತರ ಮುಖ ನೋಡಿ, ಅಂಜೂರ ಎಂದು ತಿದ್ದಿಕೊಂಡರು.

ಮಾವನವರು ಒಂದು ಸಲ ಮೂಸಿ, ಒಂದೇ ಗುಟುಕಿಗೆ ಮುಗಿಸಿ, ಲೋಟ ಕೆಳಗಿಟ್ಟರು. "ಆಲೆಮನೆ ಅಳಿಯಂದ್ರೇ. ಪಾಕ ಇನ್ನೇನು ತಳ ಹಿಡೀತದೆ ಅನ್ನೋವಾಗ ಕೊಪ್ಪರಿಗೆಯಿಂದ ಒಂದು ಘಮಲು ಏಳ್ತದಲ್ಲ, ಅದೇಯ."

"ಇದರಲ್ಲಿ ಬೆಲ್ಲ ಇಲ್ಲ ಮಾವ. ಈ ಥರದ ಕಪ್ಪು ಬಿಯರಿಗೆ ಇಲ್ಲಿ ಹಾಕೋದು ಕ್ಯಾಂಡಿ ಶುಗರ್."

"ಅಂದ್ರೆ?"

"ಸಕ್ಕರೆ ಪಾಕ. ಕಪ್ಪಗಾಗೋವರೆಗೂ ಕಾಯಿಸಿರ್ತಾರೆ."

"ಅದನ್ನೇ ನಾನೂ ಹೇಳಿದ್ದು" ಎಂದ ಮಾವನವರು ಎದ್ದು ಅಡುಗೆಮನೆಗೆ ಹೋದರು. ಚಕ್ಕುಲಿ ಮುರಿಯುವ ಸದ್ದು ಹೊರಗೆ ಕೇಳಿಸಿತು. ಪಂಡಿತರು ನೋಟ್‌ಬುಕ್ಕಿನಲ್ಲಿ ಏನನ್ನೋ ಗುರುತು ಹಾಕಿಕೊಂಡರು.

ಮಾವನವರು ಮಂಡ್ಯಕ್ಕೆ ಹಿಂತಿರುಗಿದ ಮೇಲೆ ಪಂಡಿತರು ಇನ್ನೊಂದು ಬಾಟಲಿ ತೆರೆದರು. ಹೊಸದಾಗಿ ಕಾರು ಕೊಂಡ ಹುಬ್ಬಳ್ಳಿಯ ಹುಡುಗನೊಬ್ಬ ಅತಿಥಿ. ಪಂಡಿತರು ಲೋಟವನ್ನು ಮೂಗಿನ ಕೆಳಗೆ ಆಡಿಸಿ ಕಣ್ಣು ಮುಚ್ಚಿದರು. "ಆಲೆಮನೆ. ಪಾಕ ತಳ ಹಿಡಿಯೋಕೆ ಒಂದು ಕ್ಷಣ ಮುಂಚೆ. ಇದು ಅಷ್ಟು ಸುಲಭಕ್ಕೆ ಸಿಗಲ್ಲ. ವರ್ಷಗಟ್ಟಲೆ ನಾಲಿಗೆ ಪಳಗಿಸಬೇಕು."

"ಅಪ್ಪಂಗೆ ಒಂದೇ ಗುಟುಕಿಗೆ ಸಿಕ್ಕಿತ್ತು ಕಣ್ರೀ" ಎಂದರು ಅವರ ಹೆಂಡತಿ.

"ಅವರಿಗೆ ಕಬ್ಬಿನ ಅನುಭವ" ಎಂದರು ಪಂಡಿತರು ಕಣ್ಣು ತೆರೆಯದೆ. "ಬಿಯರಿಂದಲ್ಲ."